ಕೊರಗದೆ ತಿರುಗಿ ನೋಡುವುದು ಹೇಗೆ? ಬದುಕಿನ ಧ್ಯೇಯವನ್ನು ಕುರಿತು ಒಂದು ಚರ್ಚೆ

ಮುಸ್ಸಂಜೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನಗೀಗ 47 ವರ್ಷ. ಕೆಲಸವಿದೆ, ಸಂಸಾರವಿದೆ, ಹೇಳಿಕೊಳ್ಳುವಂತಹ ಕಷ್ಟವೇನೂ ಇಲ್ಲ. ಆದರೂ ಕೆಲವು ತಿಂಗಳ ಹಿಂದೆ ಒಂದು ಅರ್ಜಿಯನ್ನು ತುಂಬುತ್ತಿದ್ದಾಗ ‘ಕಳೆದ ಹತ್ತು ವರ್ಷಗಳ ವಿವರ’ ಎಂಬ ಅಂಕಣದ ಮುಂದೆ ಕೈ ನಿಂತುಬಿಟ್ಟಿತು. ಹುದ್ದೆ, ದಿನಾಂಕ, ಜವಾಬ್ದಾರಿ ಎಲ್ಲವನ್ನೂ ಬರೆದಾಯಿತು. ಅವನ್ನು ಬಿಟ್ಟು, ಈ ಹತ್ತು ವರ್ಷಗಳಲ್ಲಿ ನಾನೇ ಬೇಕೆಂದು ಆರಿಸಿಕೊಂಡು ಮಾಡಿದ್ದು ಯಾವುದು ಎಂದು ಕೇಳಿಕೊಂಡರೆ ಒಂದೂ ನೆನಪಿಗೆ ಬರಲಿಲ್ಲ. ಎಲ್ಲವೂ ತಾನಾಗಿ ಬಂದದ್ದು, ನಾನು ಬೇಡವೆನ್ನದೆ ಒಪ್ಪಿಕೊಂಡದ್ದು.

ವೃತ್ತಿಯಿಂದ ನಾನು ಲೆಕ್ಕಪತ್ರ ನೋಡುವವನು. ಹಾಗಾಗಿ ನನಗೆ ತಿಳಿದ ದಾರಿಯಲ್ಲೇ ಹೊರಟೆ. ಒಂದು ಗೆರೆ ಪುಸ್ತಕ ತೆಗೆದುಕೊಂಡು, ಮೊದಲ ಪುಟದಲ್ಲಿ ನನಗೆ ಅತ್ಯಂತ ಮುಖ್ಯವೆಂದು ನಾನು ನಂಬಿರುವ ಮೂರು ಸಂಗತಿಗಳನ್ನು ಬರೆದೆ: ದೂರದಲ್ಲಿರುವ ಅಣ್ಣನ ಒಡನಾಟ, ಮಗಳ ಜೊತೆಗಿನ ಹೊತ್ತು, ಹನ್ನೊಂದು ವರ್ಷಗಳ ಹಿಂದೆ ಅರ್ಧಕ್ಕೆ ನಿಂತ ಕೊಳಲಿನ ಅಭ್ಯಾಸ. ಆಮೇಲೆ ಹದಿನಾಲ್ಕು ದಿನ, ಅಂದರೆ 336 ಗಂಟೆಗಳು ಎಲ್ಲಿ ಹೋದವು ಎಂಬುದನ್ನು ಒಂದೊಂದು ಗಂಟೆಯಂತೆ ಬರೆದಿಟ್ಟೆ. ಅಣ್ಣನ ಹೆಸರಿನ ಮುಂದೆ ಬಂದದ್ದು ಆರು ನಿಮಿಷದ ಒಂದು ಫೋನ್ ಕರೆ, ಅದೂ ಅವನೇ ಮಾಡಿದ್ದು. ಕೊಳಲಿನ ಮುಂದೆ ಸೊನ್ನೆ. ಮಗಳ ಜೊತೆ ಒಂದೇ ಕೋಣೆಯಲ್ಲಿದ್ದ ಗಂಟೆಗಳು ಬೇಕಾದಷ್ಟಿದ್ದವು, ಆದರೆ ಅವುಗಳ ಪಕ್ಕದಲ್ಲಿ ನಾನೇ ಪ್ರಾಮಾಣಿಕವಾಗಿ ‘ಫೋನ್ ನೋಡುತ್ತಾ’ ಎಂದು ಬರೆದಿದ್ದೆ.

ನನ್ನನ್ನು ಹೆಚ್ಚು ಕಲಕಿದ್ದು ಇವು ಯಾವುವೂ ಅಲ್ಲ, ಎರಡನೆಯ ವಾರದ ಬುಧವಾರದ ಪುಟ. ಸಂಜೆ 7.10ರಿಂದ 9.30ರವರೆಗಿನ ಜಾಗ ಖಾಲಿಯಾಗಿತ್ತು. ಮರುದಿನ ಬೆಳಗ್ಗೆಯೇ ಬರೆಯಲು ಕುಳಿತಿದ್ದೆ. ಹನ್ನೆರಡು ಗಂಟೆಯೂ ಕಳೆದಿರಲಿಲ್ಲ. ಎಷ್ಟು ತಡಕಾಡಿದರೂ ಆ ಹೊತ್ತಿನಲ್ಲಿ ಏನು ಮಾಡಿದೆನೆಂಬುದು ನೆನಪಾಗಲಿಲ್ಲ. ಕೊನೆಗೆ ಪೆನ್ಸಿಲಿನಿಂದ ‘ತಿಳಿಯದು’ ಎಂದು ಬರೆದು ಪುಸ್ತಕ ಮುಚ್ಚಿಟ್ಟೆ.

ಅಂದಿನಿಂದ ಅದನ್ನು ತೆರೆದಿಲ್ಲ. ತೆರೆದಾಗಲೆಲ್ಲ ನನ್ನನ್ನು ನಾನೇ ಹಳಿದುಕೊಳ್ಳುವುದಷ್ಟೇ ಆಗುತ್ತದೆ. ತಿರುಗಿ ನೋಡುವುದು ಅಗತ್ಯವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನೋಡಿದ ಮೇಲೆ ಮುಂದೇನು? ಹಿನ್ನೋಟವು ಕೊರಗಾಗಿ ಕೊಳೆಯದೆ ನಾಳೆಯ ನಡೆಗೆ ದಾರಿಯಾಗಬೇಕಾದರೆ ಏನು ಮಾಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಬಯಲುಹಾದಿ

ನಿಮ್ಮ ಪ್ರಾಮಾಣಿಕತೆಯನ್ನು ಗೌರವಿಸುತ್ತಲೇ ಒಂದು ಆಕ್ಷೇಪಣೆಯನ್ನು ಮುಂದಿಡುತ್ತೇನೆ. ಬದುಕು ಜಮಾ-ಖರ್ಚಿನ ಪುಸ್ತಕವಲ್ಲ. ಗಂಟೆಗಳನ್ನು ಎಣಿಸಲು ಹೊರಟ ದಿನದಿಂದಲೇ ಮನುಷ್ಯನು ತನ್ನ ಮೇಲೆ ತಾನೇ ಮೇಸ್ತ್ರಿಯಾಗಿ ನಿಂತುಬಿಡುತ್ತಾನೆ. ಸುಮ್ಮನೆ ಕುಳಿತ ಹೊತ್ತೆಲ್ಲ ನಷ್ಟವಾಗಿ ಕಾಣತೊಡಗುತ್ತದೆ. ಆ ಬುಧವಾರದ ಸಂಜೆ ನೀವು ದಣಿದಿದ್ದಿರಬಹುದು. ದಣಿದವನಿಗೆ ಎರಡು ಗಂಟೆಗಳ ಮರೆವು ಬೇಕಾಗುತ್ತದೆ. ಅದಕ್ಕೂ ಒಂದು ಧ್ಯೇಯವಿರಬೇಕೆಂದು ಹಟ ಹಿಡಿಯುವುದು ನನಗೆ ಸರಿಕಾಣುವುದಿಲ್ಲ.

ಮುಸ್ಸಂಜೆ

ನಿಮ್ಮ ಮಾತಿನಲ್ಲಿ ಹುರುಳಿದೆ. ವಿಶ್ರಾಂತಿ ಪಡೆದಿದ್ದೆನೆಂದು ಬರೆಯಲು ಸಾಧ್ಯವಾಗಿದ್ದರೆ ಸಂತೋಷದಿಂದ ಬರೆಯುತ್ತಿದ್ದೆ. ಆ ಹೊತ್ತು ನನಗೆ ವಿಶ್ರಾಂತಿಯನ್ನೂ ಕೊಡಲಿಲ್ಲವೆಂಬುದೇ ನನ್ನ ಅಳಲು.

ಎಪ್ಪತ್ತರ ಅಂಚು

ನಾನು ನಿಮ್ಮೆಲ್ಲರಿಗಿಂತ ಹಿರಿಯವನಿರಬೇಕು. ಕೆಲಸದಿಂದ ನಿವೃತ್ತನಾಗಿ ಹನ್ನೆರಡು ವರ್ಷಗಳಾದವು. ಈಚೆಗೆ ಹಳೆಯ ನೆನಪುಗಳು ಕರೆಯದೆಯೇ ಬರುತ್ತವೆ. ಮೊದಲೆಲ್ಲ ಇದು ಮುದಿತನದ ಲಕ್ಷಣವೆಂದು ನಾಚಿಕೆಪಡುತ್ತಿದ್ದೆ, ಮಕ್ಕಳ ಮುಂದೆ ಹಳೆಯ ಮಾತನ್ನೆತ್ತಲು ಹಿಂಜರಿಯುತ್ತಿದ್ದೆ. ಆಮೇಲೆ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರ ವಿಚಾರ ತಿಳಿಯಿತು. ಮುದುಕರು ಹಳೆಯದನ್ನು ಮೆಲುಕು ಹಾಕುವುದು ಬುದ್ಧಿ ಮಂಕಾಗುತ್ತಿರುವುದರ ಗುರುತೆಂದು ವೈದ್ಯರೂ ಭಾವಿಸಿದ್ದ ಕಾಲದಲ್ಲಿ, 1963ರಲ್ಲಿ, ಅವರು ಅದನ್ನು ‘ಜೀವನ ಪರಾಮರ್ಶೆ’ ಎಂಬ ಅರ್ಥದ ಹೆಸರಿನಿಂದ ಕರೆದರು. ಸಾವು ಹತ್ತಿರವಾಗುತ್ತಿದೆಯೆಂಬ ಅರಿವು ಮೂಡಿದಾಗ, ಬಗೆಹರಿಯದೆ ಉಳಿದ ಹಳೆಯ ಸಂಗತಿಗಳು ತಾವಾಗಿಯೇ ಮೇಲೆದ್ದು ಬರುವುದು ಸಹಜವಾದ ಕ್ರಿಯೆ ಎಂಬುದು ಅವರ ನಿಲುವು. ಎಲ್ಲರಿಗೂ ಅದರಿಂದ ಸಮಾಧಾನವೇ ಸಿಗುತ್ತದೆಂದು ಅವರು ಹೇಳಲಿಲ್ಲ. ಕೆಲವರಿಗೆ ಅದು ತೀವ್ರ ಪಶ್ಚಾತ್ತಾಪವನ್ನೂ ಹತಾಶೆಯನ್ನೂ ತರಬಹುದೆಂದು ಎಚ್ಚರಿಸಿದ್ದರು.

ನನ್ನ ಅನುಭವವನ್ನು ಹೇಳುವುದಾದರೆ, ಮೂವತ್ತು ವರ್ಷಗಳ ಹಿಂದೆ ನಾನು ಗುರಿಯೆಂದುಕೊಂಡು ಬೆನ್ನಟ್ಟಿದ ಬಡ್ತಿಗಳಲ್ಲಿ ಒಂದರ ಮುಖವೂ ಈಗ ನೆನಪಿಗೆ ಬರುವುದಿಲ್ಲ. ಬರುವುದು ಬೇರೆಯೇ. ಸಹೋದ್ಯೋಗಿಯೊಬ್ಬರು ತಮ್ಮದಲ್ಲದ ತಪ್ಪಿಗೆ ವಿಚಾರಣೆ ಎದುರಿಸಿದ ದಿನ ನಾನು ಸತ್ಯ ತಿಳಿದಿದ್ದರೂ ತಲೆ ತಗ್ಗಿಸಿ ಕಡತವನ್ನು ತಿರುವುತ್ತಾ ಕುಳಿತಿದ್ದೆ. ಆ ಕಡತದ ಕಟ್ಟಿನ ಕೆಂಪು ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದದ್ದು ಇಂದಿಗೂ ಬೆರಳಿಗೆ ಗೊತ್ತಿದೆ. ಅವರ ವಿಳಾಸವನ್ನು ಹುಡುಕಿ ಕಳೆದ ವರ್ಷ ಒಂದು ಪತ್ರ ಬರೆದೆ. ಉತ್ತರ ಬರಲಿಲ್ಲ. ಉತ್ತರ ಕೊಡುವುದು ಬಿಡುವುದು ಅವರ ಹಕ್ಕು. ಬರೆದದ್ದರಿಂದ ಆ ದಿನ ಅಳಿಸಿಹೋಗಲಿಲ್ಲ, ಆದರೆ ಈಗ ಯಾರಾದರೂ ನನ್ನೆದುರು ಅನ್ಯಾಯಕ್ಕೊಳಗಾದರೆ ದಾರ ಸುತ್ತುತ್ತಾ ಕೂರುವುದಿಲ್ಲ. ಮುಸ್ಸಂಜೆ ಅವರೇ, ನಿಮಗೆ ಇದೆಲ್ಲ 47ಕ್ಕೇ ಎದುರಾಗಿರುವುದು ಭಾಗ್ಯ. ನಿಮ್ಮ ಅಣ್ಣ ಇನ್ನೂ ಇದ್ದಾರೆ.

ಆಲಿಸುವವಳು

ನಾನು ಆಪ್ತಸಮಾಲೋಚಕಿಯಾಗಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹಿನ್ನೋಟ ಮತ್ತು ಕೊರಗು ಎಂಬ ಎರಡು ಪದಗಳನ್ನು ಚರ್ಚೆ ಆರಂಭಿಸಿದವರು ಬೇರೆ ಬೇರೆಯಾಗಿಯೇ ಬಳಸಿದ್ದಾರೆ. ಆ ವ್ಯತ್ಯಾಸವನ್ನು ತುಸು ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುತ್ತವೆ: ಮನುಷ್ಯ ಒಬ್ಬನೇ ಕುಳಿತು ಕಳೆದದ್ದನ್ನು ಯೋಚಿಸುತ್ತಿರುತ್ತಾನೆ.

ಸೂಸನ್ ನೋಲೆನ್-ಹೊಕ್ಸೆಮಾ ಎಂಬ ಮನೋವಿಜ್ಞಾನಿ ಈ ಕೊರಗುವ ಸ್ವಭಾವವನ್ನೇ ತಮ್ಮ ಅಧ್ಯಯನದ ವಿಷಯವಾಗಿಸಿಕೊಂಡಿದ್ದರು. 1989ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾದಲ್ಲಿ ಭೂಕಂಪವಾಗುವುದಕ್ಕೆ ಎರಡು ವಾರ ಮೊದಲು ಅವರು ಬೇರೆ ಕಾರಣಕ್ಕಾಗಿ ವಿದ್ಯಾರ್ಥಿಗಳ ಮನಃಸ್ಥಿತಿಯನ್ನು ದಾಖಲಿಸಿದ್ದರು. ಭೂಕಂಪದ ಬಳಿಕ ಅದೇ ವಿದ್ಯಾರ್ಥಿಗಳನ್ನು ಮತ್ತೆ ವಿಚಾರಿಸಿದಾಗ, ದುಃಖ ಬಂದಾಗ ಅದನ್ನೇ ಮತ್ತೆ ಮತ್ತೆ ಉರುಳಿಸಿಕೊಂಡು ಯೋಚಿಸುವ ಅಭ್ಯಾಸ ಮೊದಲಿನಿಂದಲೂ ಇದ್ದವರಲ್ಲಿ ಏಳು ವಾರಗಳ ನಂತರವೂ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಉಳಿದಿದ್ದವು. ನನ್ನ ಬಳಿ ಬರುವವರಲ್ಲೂ ಇದನ್ನು ಕಾಣುತ್ತೇನೆ. ಕೊರಗು ‘ನಾನೇಕೆ ಹೀಗೆ?’ ಎಂದು ಕೇಳುತ್ತದೆ, ಉತ್ತರಕ್ಕಾಗಿ ಕಾಯುವುದಿಲ್ಲ, ಮತ್ತೆ ಅದನ್ನೇ ಕೇಳುತ್ತದೆ. ‘ಆ ದಿನ ಏನು ನಡೆಯಿತು? ಅದರಲ್ಲಿ ನನ್ನ ಕೈಯಲ್ಲಿದ್ದದ್ದು ಯಾವುದು?’ ಎಂದು ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದಮೇಲೆ ಎದ್ದು ಹೋಗಬಹುದು.

ಬರೆಯುವುದು ಒಳ್ಳೆಯದೇ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು ಸತತವಾಗಿ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷದಂತೆ, ತಮ್ಮನ್ನು ಘಾಸಿಗೊಳಿಸಿದ ಘಟನೆಯ ಕುರಿತು ಬರೆದರು. ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಾಲ್ಕೇ ದಿನ, ಹದಿನೈದೇ ನಿಮಿಷ ಎಂಬ ಮಿತಿ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ತಿರುಗಿ ನೋಡುವುದಕ್ಕೆ ಒಂದು ಹೊತ್ತು ಗೊತ್ತುಮಾಡಿ, ಆ ಹೊತ್ತು ಮುಗಿದೊಡನೆ ಪುಸ್ತಕ ಮುಚ್ಚಬೇಕು. ಇನ್ನೊಂದು ಉಪಾಯವೂ ಇದೆ: ‘ನಾನು’ ಎಂದು ಬರೆಯುವ ಬದಲು ನಿಮ್ಮದೇ ಹೆಸರು ಹಿಡಿದು, ಬೇರೊಬ್ಬರ ಕುರಿತು ಬರೆಯುವಂತೆ ಬರೆಯಿರಿ. ಹಾಗೆ ತನ್ನನ್ನು ತಾನೇ ಹೆಸರಿನಿಂದ ಕರೆದುಕೊಳ್ಳುವುದರಿಂದ ಉದ್ವೇಗವನ್ನು ಹತೋಟಿಗೆ ತರುವುದು ಸುಲಭವಾಗುತ್ತದೆಂದು ಈಥನ್ ಕ್ರಾಸ್ ಮತ್ತು ಅವರ ಸಂಗಡಿಗರ 2014ರ ಅಧ್ಯಯನ ತೋರಿಸಿದೆ. ಬೇರೆಯವರ ತಪ್ಪನ್ನು ನಾವು ಎಷ್ಟು ಮೃದುವಾಗಿ ವಿವರಿಸುತ್ತೇವೋ ಅಷ್ಟು ಮೃದುತ್ವ ನಮಗೂ ಸಲ್ಲಬೇಕಲ್ಲವೇ?

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ವಾರಗಟ್ಟಲೆ ನಿದ್ರೆ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಪುಸ್ತಕದಲ್ಲಿ ಬರೆದು ನಿವಾರಿಸಿಕೊಳ್ಳುವ ಸಂಗತಿಯಲ್ಲ. ತಡಮಾಡದೆ ವೈದ್ಯರನ್ನು ಕಾಣಬೇಕು.

ಕಿಟಕಿಬೆಳಕು

ಈ ಚರ್ಚೆಯನ್ನು ಓದುತ್ತಾ ನನಗೆ ಸ್ವಲ್ಪ ನೋವಾಯಿತೆಂದು ಹೇಳದೆ ಇರಲಾರೆ. ತಾವೆಲ್ಲರೂ ಸಮಯವನ್ನು ಯಾವುದಕ್ಕೆ ಕೊಡಬೇಕೆಂದು ಆರಿಸುವ ಸ್ವಾತಂತ್ರ್ಯ ಇರುವವರಂತೆ ಬರೆಯುತ್ತಿದ್ದೀರಿ. ನನ್ನ ಅಮ್ಮನಿಗೆ ಮರೆವಿನ ಕಾಯಿಲೆ ಬಂದು ಐದು ವರ್ಷಗಳಾದವು. ಅವರನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ನನ್ನ ಗೆರೆ ಪುಸ್ತಕವನ್ನು ತೆರೆದರೆ ಬೆಳಗಿನಿಂದ ರಾತ್ರಿಯವರೆಗೆ ಎಲ್ಲ ಸಾಲುಗಳಲ್ಲೂ ಒಂದೇ ಪದವಿರುತ್ತದೆ. ಇದರಲ್ಲಿ ನನ್ನ ಧ್ಯೇಯವನ್ನು ಎಲ್ಲಿ ಹುಡುಕಲಿ?

ಆದರೂ ನನಗೆ ತಿಳಿದುಬಂದ ಒಂದು ಸಣ್ಣ ಸಂಗತಿಯನ್ನು ಹಂಚಿಕೊಳ್ಳುತ್ತೇನೆ. ದಿನವೂ ಬೆಳಗ್ಗೆ ಅಮ್ಮನ ತಲೆ ಬಾಚುವುದು ನನ್ನ ಕೆಲಸಗಳಲ್ಲೊಂದು. ಗಡಿಯಾರ ನೋಡುತ್ತಾ ಬಾಚುತ್ತಿದ್ದೆ. ಸಿಕ್ಕು ಸಿಕ್ಕಿದಾಗ ಎಳೆಯುತ್ತಿದ್ದೆ, ಅವರು ಕುತ್ತಿಗೆಯನ್ನು ಗಟ್ಟಿಮಾಡಿಕೊಳ್ಳುತ್ತಿದ್ದರು. ಒಂದು ರಾತ್ರಿ ಆ ದಿನವನ್ನು ನೆನೆಯುತ್ತಿದ್ದಾಗ ಆ ಗಟ್ಟಿಯಾದ ಕುತ್ತಿಗೆ ಕಣ್ಣಮುಂದೆ ಬಂತು. ನನ್ನ ಕೈ ತಲೆಗೆ ತಾಗಿದರೆ ಅಮ್ಮ ಹೆದರುತ್ತಾರೆ ಎಂಬುದು ಆಗ ಹೊಳೆಯಿತು. ಮರುದಿನದಿಂದ ತುದಿಯಿಂದ ಆರಂಭಿಸಿ, ಒಂದೊಂದೇ ಸಿಕ್ಕನ್ನು ಬೆರಳಿನಲ್ಲಿ ಬಿಡಿಸಿ, ಆಮೇಲೆ ಬಾಚಣಿಗೆ ಹಿಡಿಯುತ್ತೇನೆ. ಹತ್ತು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನನ್ನ ಹೆಸರು ಅವರಿಗೆ ನೆನಪಿಲ್ಲ, ಆದರೆ ಈಗ ಅವರು ಕುತ್ತಿಗೆಯನ್ನು ಸಡಿಲಬಿಟ್ಟು ನನ್ನ ಹೊಟ್ಟೆಗೆ ತಲೆ ಒರಗಿಸುತ್ತಾರೆ. ಇಡೀ ದಿನದಲ್ಲಿ ನಾನಾಗಿ ಆರಿಸಿಕೊಂಡದ್ದು ಆ ಇಪ್ಪತ್ತು ನಿಮಿಷಗಳನ್ನು ಮಾತ್ರ. ಇದನ್ನು ಧ್ಯೇಯವೆನ್ನಬಹುದೋ ಇಲ್ಲವೋ ತಾವೇ ಹೇಳಿ.

ಆಲಿಸುವವಳು

ಖಂಡಿತವಾಗಿಯೂ ಎನ್ನಬಹುದು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್, 1942ರಲ್ಲಿ ನಾಜಿಗಳ ಸೆರೆಗೆ ಸಿಕ್ಕಿ ಶಿಬಿರದಿಂದ ಶಿಬಿರಕ್ಕೆ ಸಾಗಿಸಲ್ಪಟ್ಟು, ಹೆತ್ತವರನ್ನೂ ಪತ್ನಿಯನ್ನೂ ಕಳೆದುಕೊಂಡವರು. ಬದುಕಿಗೆ ಅರ್ಥ ದೊರೆಯುವ ದಾರಿಗಳು ಮೂರೆಂದು ಅವರು ಹೇಳುತ್ತಿದ್ದರು: ನಾವು ಮಾಡುವ ಕೆಲಸ, ನಾವು ಅನುಭವಿಸುವ ಪ್ರೀತಿ ಮತ್ತು ಸೌಂದರ್ಯ, ತಪ್ಪಿಸಿಕೊಳ್ಳಲಾಗದ ಸಂಕಟದೆದುರು ನಾವು ತಳೆಯುವ ನಿಲುವು. ನಿಮ್ಮ ಇಪ್ಪತ್ತು ನಿಮಿಷಗಳಲ್ಲಿ ನನಗೆ ಮೂರೂ ಕಾಣಿಸುತ್ತಿವೆ. ಆದರೆ ಫ್ರಾಂಕ್ಲ್ ಅವರ ಮಾತನ್ನು ದುರುಪಯೋಗ ಮಾಡಬಾರದು. ತಪ್ಪಿಸಬಹುದಾದ ಕಷ್ಟವನ್ನು ತಪ್ಪಿಸಲೇಬೇಕೆಂದು ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ವಾರದಲ್ಲಿ ಅರ್ಧ ದಿನವಾದರೂ ಬೇರೆಯವರು ಬಂದು ನಿಮ್ಮ ಅಮ್ಮನನ್ನು ನೋಡಿಕೊಳ್ಳುವಂತೆ ನೀವು ಕೇಳಿ. ಕೇಳುವುದಕ್ಕೆ ಸಂಕೋಚಪಡಬೇಡಿ.

ಬಯಲುಹಾದಿ

ಕಿಟಕಿಬೆಳಕು ಅವರೇ, ನಿಮ್ಮ ಬರಹ ನನ್ನ ಅಭಿಪ್ರಾಯವನ್ನು ಬದಲಿಸಿತು. ರಾತ್ರಿ ನೀವು ಆ ದಿನವನ್ನು ನೆನೆಯದೆ ಹೋಗಿದ್ದರೆ ಆ ಗಟ್ಟಿಯಾದ ಕುತ್ತಿಗೆ ನಿಮಗೆ ಕಾಣುತ್ತಿರಲಿಲ್ಲ. ನಾನು ವಿರೋಧಿಸಿದ್ದು ಎಣಿಕೆಯನ್ನು, ನೋಟವನ್ನು ವಿರೋಧಿಸಲಾರೆ.

ಮೊದಲ ಮೆಟ್ಟಿಲು

ನನಗೆ 22 ವರ್ಷ. ತಿರುಗಿ ನೋಡಲು ನನ್ನ ಹಿಂದೆ ಹೆಚ್ಚೇನೂ ಇಲ್ಲ. ಎಲ್ಲರೂ ‘ನಿನ್ನ ಗುರಿಯೇನು?’ ಎಂದು ಕೇಳುತ್ತಾರೆ, ಗುರಿಯಿಲ್ಲದವನು ಕೆಲಸಕ್ಕೆ ಬಾರದವನೆಂಬಂತೆ ನೋಡುತ್ತಾರೆ. ಅದನ್ನು ಮೊದಲು ಕಂಡುಕೊಂಡು ಆಮೇಲೆ ಹೆಜ್ಜೆಯಿಡಬೇಕೇ, ಅಥವಾ ನಡೆಯುತ್ತಾ ಹೋದರೆ ತಾನಾಗಿ ಸಿಗುತ್ತದೆಯೇ? ಹಿರಿಯರು ತಿಳಿಸಬೇಕು.

ಎಪ್ಪತ್ತರ ಅಂಚು

ಮಗೂ, ಗುರಿ ಎಲ್ಲೋ ಹೂತಿಟ್ಟ ನಿಧಿಯಲ್ಲ, ಅಗೆದು ತೆಗೆಯುವುದಕ್ಕೆ. ಯಾರೂ ಹೇಳದಿದ್ದರೂ ಯಾವ ಕೆಲಸವನ್ನು ಸರಿಯಾಗಿ ಮಾಡಬೇಕೆಂದು ನಿನಗೆ ಅನಿಸುತ್ತದೆ, ಯಾವ ಅನ್ಯಾಯ ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಯಾರ ಜೊತೆ ಕಳೆದ ಹೊತ್ತಿನ ಮೇಲೆ ನೀನು ಇನ್ನಷ್ಟು ಒಳ್ಳೆಯವನಾಗಿ ಮನೆಗೆ ಬರುತ್ತೀ ಎಂಬುದನ್ನು ಗಮನಿಸುತ್ತಾ ಹೋಗು. ಒಂದು ವರ್ಷ ಗಮನಿಸಿದರೆ ಒಂದು ದಿಕ್ಕು ಕಾಣುತ್ತದೆ. ದಿಕ್ಕು ಸಾಕು. ನನ್ನ ಕಾಲದಲ್ಲಿ 22ಕ್ಕೇ ಖಚಿತವಾದ ಗುರಿ ಹೇಳುತ್ತಿದ್ದವರಲ್ಲಿ ಹಲವರು ತಮ್ಮ ತಂದೆಯ ಗುರಿಯನ್ನೇ ಹೇಳುತ್ತಿದ್ದರು. ನಾನೂ ಅವರಲ್ಲೊಬ್ಬ.

ಹಳೆಯ ಪುಟ

ಮೂಲ ಪ್ರಶ್ನೆಗೆ ಮರಳುತ್ತೇನೆ: ನೋಡಿದ ಮೇಲೆ ಮುಂದೇನು? ಇದು ಹೊಸ ಪ್ರಶ್ನೆಯಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ತತ್ವಜ್ಞಾನಿ ಸೆನೆಕಾ ತನ್ನ ರಾತ್ರಿಯ ಅಭ್ಯಾಸವನ್ನು ವಿವರಿಸಿದ್ದಾನೆ. ದೀಪವನ್ನು ಒಯ್ದ ಮೇಲೆ, ತನ್ನ ಈ ರೂಢಿಯನ್ನು ಬಲ್ಲ ಹೆಂಡತಿಯೂ ಸುಮ್ಮನಾದ ಮೇಲೆ, ಆತ ಇಡೀ ದಿನದ ನಡೆನುಡಿಗಳನ್ನು ಏನನ್ನೂ ಮುಚ್ಚಿಡದೆ ತನ್ನೆದುರು ಹರಡಿಕೊಳ್ಳುತ್ತಿದ್ದ. ತಪ್ಪು ಕಂಡಾಗ ಇನ್ನು ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡು ಮಲಗುತ್ತಿದ್ದ. ನ್ಯಾಯಾಧೀಶನೂ ತಾನೇ, ಆರೋಪಿಯೂ ತಾನೇ ಆಗಿರುವಲ್ಲಿ ಕ್ಷಮೆಯ ಆ ಒಂದು ಮಾತು ಇರದಿದ್ದರೆ ಯಾರೂ ಎರಡನೆಯ ರಾತ್ರಿ ಆ ವಿಚಾರಣೆಗೆ ಹಾಜರಾಗುವುದಿಲ್ಲ. ಮುಸ್ಸಂಜೆ ಅವರು ಪುಸ್ತಕವನ್ನು ಮತ್ತೆ ತೆರೆಯದಿರುವುದಕ್ಕೆ ಇದೇ ಕಾರಣವಿರಬಹುದೆಂದು ನನಗನಿಸುತ್ತದೆ.

ಹದಿನೆಂಟನೆಯ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಲೆಕ್ಕವಿಡುವ ದಾರಿಯನ್ನೇ ಹಿಡಿದವನು. ಹದಿಮೂರು ಸದ್ಗುಣಗಳ ಪಟ್ಟಿಮಾಡಿ, ವಾರಕ್ಕೊಂದನ್ನು ವಿಶೇಷವಾಗಿ ಸಾಧಿಸುತ್ತಾ, ತಪ್ಪಿದಾಗಲೆಲ್ಲ ಪುಟದಲ್ಲಿ ಕಪ್ಪು ಚುಕ್ಕೆಯಿಡುತ್ತಿದ್ದ. ಹದಿಮೂರು ವಾರಗಳಿಗೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತಾದದ್ದರಿಂದ, ಒದ್ದೆ ಸ್ಪಂಜಿನಿಂದ ಒರೆಸಬಹುದಾದ ದಂತದ ಹಾಳೆಗಳಿಗೆ ಬದಲಾಯಿಸಿಕೊಂಡನಂತೆ. ವಸ್ತುಗಳನ್ನೂ ವೇಳೆಯನ್ನೂ ಒಪ್ಪವಾಗಿಡುವ ಗುಣ ತನಗೆ ಕೊನೆಯವರೆಗೂ ಒಗ್ಗಲಿಲ್ಲವೆಂದು ಆತ ಒಪ್ಪಿಕೊಂಡಿದ್ದಾನೆ. ಅವನಿಂದ ನಾನು ತೆಗೆದುಕೊಂಡದ್ದು ಆ ಚುಕ್ಕೆಗಳನ್ನಲ್ಲ, ಬೆಳಗ್ಗೆ ಎದ್ದೊಡನೆ ಆತ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನು: ಈ ದಿನ ನಾನು ಯಾವ ಒಳಿತನ್ನು ಮಾಡಲಿ? ರಾತ್ರಿಯ ವಿಚಾರಣೆಗೆ ಬೆಳಗಿನ ಈ ಪ್ರಶ್ನೆ ಜೊತೆಗಿದ್ದರೆ ಮಾತ್ರ ಹಿನ್ನೋಟಕ್ಕೆ ಮುಂದಿನ ಕಾಲು ಸಿಗುತ್ತದೆ.

ಮತ್ತೊಂದು ವ್ಯಾವಹಾರಿಕ ಸಲಹೆ. ‘ಇನ್ನು ಮುಂದೆ ಅಣ್ಣನ ಜೊತೆ ಹೆಚ್ಚು ಮಾತನಾಡುತ್ತೇನೆ’ ಎಂಬ ಸಂಕಲ್ಪ ಮೂರು ದಿನವೂ ಬಾಳುವುದಿಲ್ಲ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಒಂದು ಕೆಲಸವನ್ನು ಯಾವಾಗ ಮತ್ತು ಎಲ್ಲಿ ಮಾಡುತ್ತೇನೆಂದು ಮೊದಲೇ ಗೊತ್ತುಮಾಡಿಕೊಂಡವರು, ಬರಿಯ ಸಂಕಲ್ಪ ಮಾಡಿದವರಿಗಿಂತ ಬಹಳ ಹೆಚ್ಚು ಪ್ರಮಾಣದಲ್ಲಿ ಅದನ್ನು ಪೂರೈಸಿದ್ದರು. ‘ಇಂಥದ್ದು ಆದೊಡನೆ ಇಂಥದ್ದನ್ನು ಮಾಡುತ್ತೇನೆ’ ಎಂದು, ಈಗಾಗಲೇ ದಿನವೂ ನಡೆಯುವ ಒಂದು ಸಂಗತಿಗೆ ಹೊಸ ಕೆಲಸವನ್ನು ಗಂಟುಹಾಕುವುದು ಅದರ ಗುಟ್ಟು. ನೆನಪಿಡುವ ಹೊರೆ ಮನಸ್ಸಿನ ಮೇಲಿರುವುದಿಲ್ಲ.

ಮುಸ್ಸಂಜೆ

ಎಲ್ಲರಿಗೂ ನಾನು ಋಣಿ. ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ಆಲಿಸುವವಳು ಅವರು ಹೇಳಿದಂತೆ ನಾಲ್ಕು ದಿನ, ಹದಿನೈದು ನಿಮಿಷ, ನನ್ನ ಹೆಸರು ಹಿಡಿದು ಬೇರೊಬ್ಬರ ಕುರಿತು ಬರೆಯುವಂತೆ ಬರೆದೆ. ಮೂರನೆಯ ದಿನ ಒಂದು ಅನಿರೀಕ್ಷಿತ ಸಂಗತಿ ಹೊರಬಿತ್ತು. ಕೊಳಲಿನ ಕುರಿತು ಬರೆಯುತ್ತಿದ್ದಾಗ, ‘ಇವನಿಗೆ ಕೊಳಲು ನುಡಿಸಬೇಕೆಂಬ ಆಸೆಯಿಲ್ಲ, ಕೊಳಲು ನುಡಿಸುವವನೆನಿಸಿಕೊಳ್ಳುವ ಆಸೆಯಿದೆ’ ಎಂಬ ವಾಕ್ಯ ಕೈಯಿಂದ ಬಂದುಬಿಟ್ಟಿತು. ಓದಿದೆ, ನಿಜವೆನಿಸಿತು. ಹನ್ನೊಂದು ವರ್ಷ ಆ ಕೊಳಲು ಕಪಾಟಿನ ಮೇಲಿನಿಂದ ನನ್ನನ್ನು ದೂರುತ್ತಿತ್ತು. ಅದನ್ನು ಬಟ್ಟೆಯಿಂದ ಒರೆಸಿ, ಕಲಿಯುತ್ತಿರುವ ಹುಡುಗನೊಬ್ಬನಿಗೆ ಕೊಟ್ಟೆ. ಮೊದಲ ಪುಟದ ಮೂರು ಸಾಲುಗಳಲ್ಲಿ ಒಂದಕ್ಕೆ ಗೆರೆ ಎಳೆದಾಗ ನಷ್ಟವಾಯಿತೆನಿಸಲಿಲ್ಲ, ಉಳಿದೆರಡಕ್ಕೆ ಜಾಗವಾಯಿತೆನಿಸಿತು.

ಮಗಳ ವಿಷಯದಲ್ಲಿ ಇನ್ನೂ ತಡವರಿಸುತ್ತಿದ್ದೇನೆ. ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಂದು ಕುಳಿತರೆ ಅವಳು ತನ್ನ ಫೋನಿನಲ್ಲಿರುತ್ತಾಳೆ. ಅದು ಅವಳು ನನ್ನನ್ನು ನೋಡಿಯೇ ಕಲಿತದ್ದು. ಕಾಯುತ್ತೇನೆ.

ಅಣ್ಣನ ವಿಷಯದಲ್ಲಿ ಹಳೆಯ ಪುಟ ಅವರ ಸಲಹೆಯನ್ನು ಅಕ್ಷರಶಃ ಪಾಲಿಸಿದೆ. ಬುಧವಾರ ಸಂಜೆ ಕಚೇರಿಯಲ್ಲಿ ಮೇಜಿನ ಡ್ರಾಯರ್ ಮುಚ್ಚಿ ಬೀಗ ಹಾಕಿದೊಡನೆ, ಕುರ್ಚಿಯಿಂದ ಏಳುವ ಮೊದಲು ಅಣ್ಣನಿಗೆ ಕರೆ ಮಾಡಬೇಕು. ಮೊದಲ ಬುಧವಾರ ಅವನು ಗಾಬರಿಯಿಂದ ‘ಏನಾಯಿತು?’ ಎಂದು ಕೇಳಿದ. ಎರಡನೆಯ ವಾರ ಹೇಳಲು ಇಬ್ಬರಿಗೂ ಮಾತಿರಲಿಲ್ಲ. ನಾನು ಡ್ರಾಯರಿನ ಒಪ್ಪಂದವನ್ನು ಅವನಿಗೆ ವಿವರಿಸಿದೆ, ಅವನು ಸುಮ್ಮನೆ ಕೇಳಿಸಿಕೊಂಡ. ಐದನೆಯ ವಾರ ಅಪ್ಪನ ಕೊನೆಯ ದಿನಗಳ ಬಗ್ಗೆ, ಇಷ್ಟು ವರ್ಷ ಇಬ್ಬರೂ ತೆಗೆಯದಿದ್ದ ಮಾತನ್ನು, ಅವನೇ ತೆಗೆದ.

ಕಳೆದ ಬುಧವಾರ ಕೆಲಸ ಮುಗಿಯದೆ ಏಳೂವರೆಯಾದರೂ ನಾನು ಕಡತಗಳ ನಡುವೆ ಕುಳಿತೇ ಇದ್ದೆ. ಫೋನ್ ಹೊಡೆದುಕೊಂಡಿತು. ಎತ್ತಿದರೆ ಆ ಕಡೆಯಿಂದ ಅಣ್ಣ, ‘ಡ್ರಾಯರ್ ಇನ್ನೂ ಮುಚ್ಚಿಲ್ಲವೇನೋ?’ ಎಂದು ಕೇಳಿದ.